ಗೋಡೆ ಬೀಳಿಸಿದ್ದು ಹಸುವೇ?



ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಕಾಂಪೌಂಡ್ ಗೋಡೆ ಬಿದ್ದುಹೋಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆ ಮನೆಯ ಕೈತೋಟ ಬೀದಿಗಿಂತ ಎರಡಡಿ ಎತ್ತರದಲ್ಲಿದೆ. ಆ ಮಣ್ಣನ್ನು ತಡೆದು ನಿಂತಿದ್ದ ಗೋಡೆ ಅದು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಲ್ಲಿ ಪಂಚಾಯಿತಿಯೇ ಸೇರಿತ್ತು.

"ಬೀದಿ ಹಸು ಬಂದು ಮೈ ಉಜ್ಜಿತು, ಗೋಡೆ ದಬದಬನೆ ಬಿತ್ತು. ನಾನೇ ಕಣ್ಣಾರೆ ಕಂಡೆ" ಎಂದರು ಹಾಲಿನವರು. "ಪಾಪ, ಹಸುವನ್ನು ಯಾಕೆ ಬೈತೀರಿ? ಮೂರು ದಿನದಿಂದ ಬಿಡದೆ ಮಳೆ ಹೊಡೀತಿಲ್ವೇ?" ಎಂದರು ಎದುರು ಮನೆಯವರು. ಅಷ್ಟರಲ್ಲಿ ಬಂದ ಗಾರೆ ಮೇಸ್ತ್ರಿ ಒಂದು ಇಟ್ಟಿಗೆಯನ್ನು ಎತ್ತಿ, ಅದಕ್ಕಂಟಿದ ಗಾರೆಯನ್ನು ಬೆರಳಿನಿಂದಲೇ ಉದುರಿಸಿ ತೋರಿಸಿದರು. "ಪಾಯ ಸರಿಯಿಲ್ಲ ಸ್ವಾಮಿ. ಸಿಮೆಂಟು ಕಡಿಮೆ, ಮರಳು ಜಾಸ್ತಿ. ಇಷ್ಟು ವರ್ಷ ನಿಂತಿದ್ದೇ ಹೆಚ್ಚು." ಆ ಮನೆಯ ಅಜ್ಜಿ ಮಾತ್ರ ಮಗನನ್ನೇ ದಿಟ್ಟಿಸುತ್ತಾ, "ಎರಡು ವರ್ಷದಿಂದ ಬಿರುಕು ಬಿಟ್ಟಿದೆ, ಬಿರುಕು ಬಿಟ್ಟಿದೆ ಅಂತ ಬಡಕೊಂಡೆ. ಯಾರು ಕೇಳಿದರು?" ಎಂದರು.

ಅದೇ ಸಂಜೆ ಪಕ್ಕದ ಮನೆಯ ಹುಡುಗಿ ಸಮಾಜ ವಿಜ್ಞಾನದ ನೋಟ್ಸ್ ಹಿಡಿದು ಬಂದಳು. ಒಂಬತ್ತನೇ ತರಗತಿ. "ತಾತ, ರಷ್ಯಾದಲ್ಲಿ ಝಾರ್ ದೊರೆತನ ಬಿದ್ದುಹೋಗೋಕೆ ಕಾರಣಗಳು ಅಂತ ಎಂಟು ಪಾಯಿಂಟ್ ಬರೆದುಕೊಂಡಿದ್ದೀನಿ. ಬಾಯಿಪಾಠವೂ ಆಗಿದೆ. ಆದರೆ ಈ ಎಂಟರಲ್ಲಿ ನಿಜವಾದ ಕಾರಣ ಯಾವುದು?"

ನನಗೆ ಬೆಳಗಿನ ಪಂಚಾಯಿತಿಯೇ ನೆನಪಾಯಿತು. "ಮಗೂ, ಇದೇ ಪ್ರಶ್ನೆ ಇಟ್ಟುಕೊಂಡು ದೊಡ್ಡ ದೊಡ್ಡ ಇತಿಹಾಸಕಾರರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಕೂತುಕೋ" ಎಂದೆ. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಮೊದಲು ನಡೆದದ್ದೇನು ನೋಡೋಣ. ರಷ್ಯಾವನ್ನು ರೊಮನೋವ್ ಮನೆತನ 1613ರಿಂದ ಆಳುತ್ತಿತ್ತು. 1913ರಲ್ಲಿ ಮುನ್ನೂರನೇ ವರ್ಷದ ಉತ್ಸವ ವೈಭವದಿಂದ ನಡೆಯಿತು. ಆಗ ಸಿಂಹಾಸನದಲ್ಲಿದ್ದವನು ಎರಡನೇ ನಿಕೋಲಸ್. ಆತನ ಮಾತಿಗೆ ಎದುರಾಡುವವರಿಲ್ಲ. 1897ರ ಜನಗಣತಿಯಲ್ಲಿ ಉದ್ಯೋಗದ ಕಾಲಂನಲ್ಲಿ ಆತ ತನ್ನನ್ನು ರಷ್ಯಾ ನೆಲದ ಯಜಮಾನ ಎಂದು ಬರೆದುಕೊಂಡಿದ್ದ. ಆ ಗಣತಿಯ ಪ್ರಕಾರ ಆತನ ಪ್ರಜೆಗಳ ಸಂಖ್ಯೆ 12 ಕೋಟಿಗೂ ಹೆಚ್ಚು. ಉತ್ಸವ ಮುಗಿದು ನಾಲ್ಕು ವರ್ಷಕ್ಕೆ, 1917ರಲ್ಲಿ, ಆ ದೊರೆತನ ಎಂಟೇ ದಿನಗಳಲ್ಲಿ ಇಲ್ಲವಾಯಿತು.

ಆ ಎಂಟು ದಿನ ಹೀಗೆ ಕಳೆದವು. ಫೆಬ್ರವರಿ 23, ರಾಜಧಾನಿ ಪೆಟ್ರೊಗ್ರಾಡ್. ಈಗ ಅದನ್ನು ಸೇಂಟ್ ಪೀಟರ್ಸ್‌ಬರ್ಗ್ ಎನ್ನುತ್ತೇವೆ. (ರಷ್ಯಾದ ಹಳೆಯ ಪಂಚಾಂಗ ನಮ್ಮ ಕ್ಯಾಲೆಂಡರ್‌ಗಿಂತ 13 ದಿನ ಹಿಂದಿತ್ತು. ನಮ್ಮ ಲೆಕ್ಕದಲ್ಲಿ ಅದು ಮಾರ್ಚ್ 8, ಮಹಿಳಾ ದಿನ.) ಕೊರೆಯುವ ಚಳಿಯಲ್ಲಿ ಬ್ರೆಡ್ಡಿಗಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬೇಸತ್ತಿದ್ದ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ಪಕ್ಕದ ಕಾರ್ಖಾನೆಗಳಿಗೆ ಹೋಗಿ ಗಂಡಸರನ್ನೂ ಕರೆದರು. ಮರುದಿನ ಮುಷ್ಕರ ಹೂಡಿದವರ ಸಂಖ್ಯೆ ಎರಡು ಲಕ್ಷದ ಹತ್ತಿರ ಹೋಯಿತು. ಮೂರನೇ ದಿನ ಊರೇ ಸ್ತಬ್ಧ. ನಿಕೋಲಸ್ ಆಗ ನೂರಾರು ಕಿಲೊಮೀಟರ್ ದೂರದ ಮೊಗಿಲೆವ್ ಎಂಬಲ್ಲಿ ಯುದ್ಧದ ಕೇಂದ್ರ ಕಚೇರಿಯಲ್ಲಿದ್ದ. ನಾಳೆಯೇ ಗಲಾಟೆ ನಿಲ್ಲಿಸಿ ಎಂದು ತಂತಿ ಕಳಿಸಿದ. ಅದರಂತೆ 26ರ ಭಾನುವಾರ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಅನೇಕರು ಸತ್ತರು.

ಆ ರಾತ್ರಿ ಬ್ಯಾರಕ್ಕಿನಲ್ಲಿ ವೊಲಿನ್ಸ್ಕಿ ಎಂಬ ರೆಜಿಮೆಂಟಿನ ಸೈನಿಕರು ಮಾತಾಡಿಕೊಂಡರು. ಹಗಲು ಗುಂಡು ಹಾರಿಸಿದವರೇ ಅವರು. ನಾಳೆ ಮತ್ತೆ ಹೋಗುವುದಿಲ್ಲ ಎಂದು ತೀರ್ಮಾನಿಸಿದರು. ಬೆಳಗಾಗುತ್ತಲೇ ದಂಗೆ ಎದ್ದು ಬೇರೆ ರೆಜಿಮೆಂಟುಗಳನ್ನೂ ಕರೆದರು. ಸಂಜೆಯ ಹೊತ್ತಿಗೆ ಹತ್ತಾರು ಸಾವಿರ ಸೈನಿಕರು ಜನರ ಜೊತೆಗಿದ್ದರು. ಮಾರ್ಚ್ 2ರಂದು, ಪ್ಸ್ಕೊವ್ ನಿಲ್ದಾಣದಲ್ಲಿ ನಿಂತ ರೈಲಿನಲ್ಲೇ ನಿಕೋಲಸ್ ಪದತ್ಯಾಗಕ್ಕೆ ಸಹಿ ಹಾಕಿದ. ತಮ್ಮ ಮಿಖಾಯಿಲ್‌ಗೆ ಪಟ್ಟ ಬಿಟ್ಟುಕೊಟ್ಟ. ತಮ್ಮ ಮರುದಿನವೇ ಬೇಡವೆಂದ. ಮುನ್ನೂರ ನಾಲ್ಕು ವರ್ಷದ ಕಥೆ ಮುಗಿಯಿತು.

"ಲೆನಿನ್ ಎಲ್ಲಿ?" ಎಂದಳು ಹುಡುಗಿ. ಬಹಳ ಮಂದಿ ಎಡವುವುದು ಇಲ್ಲೇ. 1917ರಲ್ಲಿ ರಷ್ಯಾದಲ್ಲಿ ಎರಡು ಕ್ರಾಂತಿಗಳಾದವು. ಲೆನಿನ್‌ನ ಬೊಲ್ಶೆವಿಕ್ ಪಕ್ಷ ಅಧಿಕಾರ ಹಿಡಿದದ್ದು ಅಕ್ಟೋಬರಿನಲ್ಲಿ. ಝಾರ್ ಬಿದ್ದದ್ದು ಫೆಬ್ರವರಿಯ ಕ್ರಾಂತಿಯಲ್ಲಿ. ಆಗ ಲೆನಿನ್ ಇದ್ದದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಯುವಕರ ಮುಂದೆ ಭಾಷಣ ಮಾಡುತ್ತಾ, ಬರಲಿರುವ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ನಮ್ಮಂಥ ಹಳಬರು ಕಾಣುವುದು ಅನುಮಾನ ಎಂಬ ಅರ್ಥದ ಮಾತಾಡಿದ್ದ. ಕ್ರಾಂತಿಯೇ ಕಸುಬಾಗಿದ್ದವನಿಗೂ ಅದು ಇಷ್ಟು ಹತ್ತಿರ ಬಂದದ್ದು ಗೊತ್ತಿರಲಿಲ್ಲ!

ಈಗ ಇತಿಹಾಸಕಾರರ ಪಂಚಾಯಿತಿಗೆ ಬರೋಣ. ಅಲ್ಲೂ ಹಾಲಿನವರು, ಎದುರು ಮನೆಯವರು, ಮೇಸ್ತ್ರಿ, ಅಜ್ಜಿ ಎಲ್ಲರೂ ಇದ್ದಾರೆ.

ಮೇಸ್ತ್ರಿಯ ಗುಂಪಿನವರು ಪಾಯ ಅಗೆದು ನೋಡುತ್ತಾರೆ. ರಷ್ಯಾದಲ್ಲಿ 1861ರವರೆಗೆ ಕೋಟ್ಯಂತರ ರೈತರು ಜಮೀನುದಾರರ ಜೀತದಲ್ಲಿದ್ದರು. ಆ ವರ್ಷ ಬಿಡುಗಡೆಯೇನೋ ಸಿಕ್ಕಿತು, ಆದರೆ ಕೈಗೆ ಬಂದ ಭೂಮಿಗೆ 49 ವರ್ಷ ಕಂತು ಕಟ್ಟಬೇಕಿತ್ತು. ತಾವು ಉಳುವ ಭೂಮಿಗೆ ತಾವೇ ಯಾಕೆ ದುಡ್ಡು ಕೊಡಬೇಕೆಂಬುದು ರೈತರಿಗೆ ಅರ್ಥವೇ ಆಗಲಿಲ್ಲ. ಇನ್ನೊಂದು ಕಡೆ ಕಾರ್ಖಾನೆಗಳು ಬೇಗ ಬೇಗ ಎದ್ದವು. ಹಳ್ಳಿಯಿಂದ ಬಂದ ಕೂಲಿಗಳು ಕಿಕ್ಕಿರಿದ ಕೋಣೆಗಳಲ್ಲಿ ಬದುಕಿದರು. 1905ರವರೆಗೆ ಮುಷ್ಕರ ಹೂಡುವುದೂ ಅಪರಾಧವಾಗಿತ್ತು. ಅಮೆರಿಕದ ಇತಿಹಾಸಕಾರ ಲಿಯೋಪೋಲ್ಡ್ ಹೇಮ್ಸನ್ 1964-65ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಗೋಡೆಯಲ್ಲಿ ಎರಡು ಬಿರುಕುಗಳಿದ್ದವು ಎಂದರು. ಒಂದು, ಓದಿದ ಜನರಿಗೂ ಅರಮನೆಗೂ ನಡುವೆ. ಎರಡನೆಯದು, ಕಾರ್ಮಿಕರಿಗೂ ಆ ಓದಿದ ಜನರಿಗೂ ನಡುವೆ. ಇವೆರಡೂ ಮಹಾಯುದ್ಧಕ್ಕೆ ಮುಂಚೆಯೇ ಅಗಲವಾಗುತ್ತಿದ್ದವು ಎಂಬುದು ಅವರ ವಾದ. 1914ರ ಜುಲೈನಲ್ಲಿ, ಯುದ್ಧಕ್ಕೆ ಕೆಲವೇ ದಿನ ಮೊದಲು, ರಾಜಧಾನಿಯ ಕಾರ್ಮಿಕರು ಬೀದಿಯಲ್ಲಿ ಅಡ್ಡಗಟ್ಟೆ ಕಟ್ಟಿ ಪೊಲೀಸರೊಡನೆ ಬಡಿದಾಡಿದ್ದು ಅವರಿಗೆ ಸಾಕ್ಷಿ.

ಎದುರು ಮನೆಯವರಂತೆ ಮಳೆಯ ಕಡೆ ಬೆರಳು ತೋರಿಸುವವರೂ ಇದ್ದಾರೆ. ಅವರ ಮಳೆ 1914ರ ಮಹಾಯುದ್ಧ. ಅದಕ್ಕೆ ಮುಂಚೆ ರಷ್ಯಾ ಸುಧಾರಿಸುತ್ತಿತ್ತು, ಶಾಲೆಗಳು ಹೆಚ್ಚುತ್ತಿದ್ದವು, ಉದ್ಯಮ ಬೆಳೆಯುತ್ತಿತ್ತು, ಡೂಮಾ ಎಂಬ ಚುನಾಯಿತ ಸಭೆಯೂ ಇತ್ತು, ಇನ್ನು ಇಪ್ಪತ್ತು ವರ್ಷ ಶಾಂತಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುತ್ತಾರೆ. ಯುದ್ಧ ಎಲ್ಲವನ್ನೂ ನೆನೆಸಿ ಸಡಿಲ ಮಾಡಿತು. ಸುಮಾರು ಒಂದೂವರೆ ಕೋಟಿ ಗಂಡಸರನ್ನು ಸೈನ್ಯಕ್ಕೆ ಸೇರಿಸಲಾಯಿತು. ಬೆಲೆಗಳು ಏರಿದವು.

ಬ್ರೆಡ್ಡಿನ ವಿಷಯವನ್ನೇ ನೋಡಿ. ದೇಶದಲ್ಲಿ ಧಾನ್ಯವೇ ಇರಲಿಲ್ಲವೇ? ಇತ್ತು. ಆದರೆ ರೈಲುಗಳು ಸೈನ್ಯದ ಸಾಗಣೆಗೇ ಸಾಲುತ್ತಿರಲಿಲ್ಲ. ಕಾರ್ಖಾನೆಗಳು ಯುದ್ಧದ ಸಾಮಾನು ಮಾಡುತ್ತಿದ್ದರಿಂದ ರೈತರಿಗೆ ಬೇಕಾದ ಬಟ್ಟೆ, ಸಲಕರಣೆ ಸಿಗುತ್ತಿರಲಿಲ್ಲ. ದುಡ್ಡಿಗೆ ಬೆಲೆಯಿಲ್ಲ, ಕೊಳ್ಳಲು ಸಾಮಾನಿಲ್ಲ, ಮತ್ತೆ ಧಾನ್ಯ ಯಾಕೆ ಮಾರಬೇಕು ಎಂದು ರೈತರು ಕಣಜದಲ್ಲೇ ಇಟ್ಟುಕೊಂಡರು. ಹೀಗೆ ಒಂದು ಕಡೆ ಕಣಜದಲ್ಲಿ ಧಾನ್ಯ, ಇನ್ನೊಂದು ಕಡೆ ರಾಜಧಾನಿಯಲ್ಲಿ ಖಾಲಿ ಅಂಗಡಿ. "ಆಹಾರದ ಕೊರತೆ" ಎಂಬ ಒಂದೇ ಪಾಯಿಂಟಿನೊಳಗೆ ಇಷ್ಟೆಲ್ಲ ಇದೆ.

ಇನ್ನು ಹಾಲಿನವರು, ಅಂದರೆ ಕೊನೆಯ ಗಳಿಗೆಯನ್ನು ಹತ್ತಿರದಿಂದ ನೋಡುವವರು. ಜಪಾನ್ ಮೂಲದ ತ್ಸುಯೋಶಿ ಹಾಸೆಗಾವಾ 1981ರ ತಮ್ಮ ಪುಸ್ತಕದಲ್ಲಿ ಪೆಟ್ರೊಗ್ರಾಡಿನ ಆ ದಿನಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕಾರ್ಮಿಕರ ಪಾತ್ರವನ್ನು ಎತ್ತಿ ತೋರಿಸಿದರು. ರಿಚರ್ಡ್ ಪೈಪ್ಸ್ 1990ರ ಪುಸ್ತಕದಲ್ಲಿ, ಇದು ಮೊದಲಿಗೆ ಸೈನಿಕರ ದಂಗೆ, ಆಮೇಲೆ ರಾಜಕಾರಣಿಗಳೂ ಜನರಲ್‌ಗಳೂ ಸೇರಿ ಝಾರ್‌ನನ್ನು ಇಳಿಸಿದರು ಎಂದು ವಾದಿಸಿದರು. ಸೋವಿಯತ್ ಕಾಲದ ಇತಿಹಾಸಕಾರರಂತೂ ಇದು ಆಗಲೇಬೇಕಿತ್ತು, ಕಾರ್ಮಿಕರ ಪಕ್ಷವೇ ದಾರಿ ತೋರಿಸಿತು ಎಂದು ಬರೆದರು. ಆ ಪಕ್ಷವೇ ದೇಶವನ್ನು ಆಳುತ್ತಿದ್ದಾಗ ಬೇರೆ ರೀತಿ ಬರೆಯುವುದು ಸುಲಭವಿರಲಿಲ್ಲ. ಇತಿಹಾಸ ಓದುವಾಗ ಹೇಳಿದ್ದೇನು ಎಂಬುದರ ಜೊತೆಗೆ ಹೇಳಿದವರು ಯಾರು, ಯಾವಾಗ ಹೇಳಿದರು ಎಂದೂ ಕೇಳಬೇಕು, ನೆನಪಿಡಿ.

ಇಲ್ಲಿ ನನ್ನ ಗೋಡೆಯ ಹೋಲಿಕೆ ಸ್ವಲ್ಪ ಸೋಲುತ್ತದೆ. ಹಸುವಿಗೆ ಗೋಡೆ ಬೀಳಿಸುವ ಯೋಚನೆ ಇರಲಿಲ್ಲ, ಅದಕ್ಕೆ ಮೈ ಕೆರೆತ ಅಷ್ಟೇ. ಆದರೆ ಗಿರಣಿಯ ಆ ಹೆಂಗಸರು ಸುಮ್ಮನೆ ಬಂದು ತಗುಲಿದವರಲ್ಲ. ಹಗಲಿಡೀ ದುಡಿದು, ಸಾಲಿನಲ್ಲಿ ನಿಂತು, ಮಕ್ಕಳಿಗೆ ಬ್ರೆಡ್ಡಿಲ್ಲದೆ ಮನೆಗೆ ಮರಳುತ್ತಿದ್ದವರು. ಗಂಡಂದಿರು ಯುದ್ಧಭೂಮಿಯಲ್ಲಿ. ಯೋಚಿಸಿಯೇ ಬೀದಿಗಿಳಿದರು. ಹಾಗೆಯೇ ಆ ಗೋಡೆಯ ಇಟ್ಟಿಗೆಗಳೂ ಜೀವವಿಲ್ಲದ ಇಟ್ಟಿಗೆಗಳಲ್ಲ. ಸೈನಿಕ, ಪೊಲೀಸ್, ಗುಮಾಸ್ತ, ಜನರಲ್, ಇವರೆಲ್ಲ ಬೆಳಿಗ್ಗೆ ಎದ್ದು ಅಪ್ಪಣೆ ಪಾಲಿಸಿದರೆ ಮಾತ್ರ ನಿರಂಕುಶ ಪ್ರಭುತ್ವ ನಿಲ್ಲುತ್ತದೆ. ಒಂದು ಬೆಳಿಗ್ಗೆ ವೊಲಿನ್ಸ್ಕಿ ರೆಜಿಮೆಂಟಿನವರು ಆಗುವುದಿಲ್ಲ ಎಂದರು, ಅಷ್ಟೇ.

ಹುಡುಗಿ ಕೇಳಿದಳು: "ಆದರೆ ತಾತ, 1905ರಲ್ಲೂ ಸೈನಿಕರು ಗುಂಡು ಹಾರಿಸಿದ್ದರು. ಆಗ ಯಾಕೆ ಬೀಳಲಿಲ್ಲ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಇತಿಹಾಸಕಾರರು ಕಾರಣ ಪರೀಕ್ಷಿಸುವುದೇ ಹೀಗೆ, ಬಿದ್ದ ಸಲವನ್ನೂ ಬೀಳದ ಸಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. 1905ರ ಜನವರಿಯಲ್ಲಿ ಗಪೋನ್ ಎಂಬ ಪಾದ್ರಿಯ ಹಿಂದೆ ಕಾರ್ಮಿಕರು ದೇವರ ಪಟ, ಝಾರ್‌ನ ಭಾವಚಿತ್ರ ಹಿಡಿದು ಅರಮನೆಗೆ ಅಹವಾಲು ಕೊಡಲು ಹೊರಟಿದ್ದರು. ಸೈನಿಕರು ಗುಂಡಿಕ್ಕಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಜಪಾನ್ ಜೊತೆಗಿನ ಯುದ್ಧದಲ್ಲೂ ರಷ್ಯಾ ಸೋಲುತ್ತಿತ್ತು. ದೇಶವೆಲ್ಲ ಹೊತ್ತಿಕೊಂಡಿತು. ಪಾಯ ಹಳೆಯದೇ, ಮಳೆಯೂ ಇತ್ತು, ತಳ್ಳುವವರೂ ಇದ್ದರು. ಆದರೂ ಗೋಡೆ ನಿಂತಿತು.

ಎರಡು ಕಾರಣ. ಒಂದು, ಅಲ್ಲಲ್ಲಿ ದಂಗೆಗಳಾದರೂ ಸೈನ್ಯದ ಬಹುಭಾಗ ಆಗ ಅಪ್ಪಣೆ ಪಾಲಿಸಿತು. ಇನ್ನೊಂದು, ಅಕ್ಟೋಬರಿನಲ್ಲಿ ಝಾರ್ ಒಂದು ಘೋಷಣೆ ಹೊರಡಿಸಿ ವಾಕ್ ಸ್ವಾತಂತ್ರ್ಯವನ್ನೂ ಚುನಾಯಿತ ಡೂಮಾವನ್ನೂ ಕೊಡುವುದಾಗಿ ಮಾತು ಕೊಟ್ಟ. ಓದಿದ ಜನರಲ್ಲಿ ಹಲವರು, ಸರಿ, ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನಗೊಂಡರು.

ಆದರೆ ಕೊಟ್ಟ ಮಾತು ಏನಾಯಿತು? 1906ರ ಹೊಸ ಕಾನೂನಿನಲ್ಲೂ ಝಾರ್‌ನ ಅಧಿಕಾರಕ್ಕೆ ನಿರಂಕುಶ ಎಂಬ ಪದ ಹಾಗೇ ಉಳಿಯಿತು. ಮೊದಲ ಡೂಮಾವನ್ನು ಮೂರು ತಿಂಗಳೂ ತುಂಬುವ ಮೊದಲೇ ವಿಸರ್ಜಿಸಿದರು. 1907ರಲ್ಲಿ ಚುನಾವಣೆಯ ನಿಯಮವನ್ನೇ ಬದಲಿಸಿ ರೈತ, ಕಾರ್ಮಿಕರ ಮತದ ಬೆಲೆ ಇಳಿಸಿ ಜಮೀನುದಾರರ ಬಲ ಹೆಚ್ಚಿಸಿದರು.

ಇಲ್ಲಿ ನಮ್ಮ ಅಜ್ಜಿಯ ಮಾತು ಬರುತ್ತದೆ. ಬಿರುಕು ಬಿಟ್ಟಿದೆ ಎಂದು ನಿಕೋಲಸ್‌ಗೆ ಹೇಳಿದವರು ಒಬ್ಬಿಬ್ಬರಲ್ಲ. 1915ರ ಆಗಸ್ಟಿನಲ್ಲಿ ಆತ ತಾನೇ ಸೇನಾಧಿಪತಿಯಾಗಿ ಯುದ್ಧಕ್ಕೆ ಹೊರಟಾಗ, ಮುಂದೆ ಸೋಲಿಗೆಲ್ಲ ನಿಮ್ಮನ್ನೇ ಹೊಣೆ ಮಾಡುತ್ತಾರೆ, ಬೇಡಿ ಎಂದು ಆತನ ಮಂತ್ರಿಗಳೇ ಬೇಡಿಕೊಂಡರು. ಜನರಿಗೆ ನಂಬಿಕೆ ಇರುವ ಮಂತ್ರಿಮಂಡಲ ಕೊಡಿ ಎಂದು ಡೂಮಾದ ಬಹುಪಾಲು ಸದಸ್ಯರು ಕೇಳಿದರು. ಆತ ಅಧಿವೇಶನವನ್ನೇ ಮುಂದೂಡಿದ. ಆತ ಯುದ್ಧರಂಗದಲ್ಲಿದ್ದಾಗ ರಾಜಧಾನಿಯಲ್ಲಿ ರಾಣಿ ಅಲೆಕ್ಸಾಂಡ್ರಾ ಮಾತು ನಡೆಯುತ್ತಿತ್ತು. ಅವಳ ಮಗನಿಗೆ ಹಿಮೋಫಿಲಿಯಾ, ರಕ್ತ ಸುರಿಯತೊಡಗಿದರೆ ನಿಲ್ಲದ ಕಾಯಿಲೆ. ಅದನ್ನು ಶಮನ ಮಾಡಬಲ್ಲನೆಂದು ಅವಳು ನಂಬಿದ್ದ ರಾಸ್ಪುಟಿನ್ ಎಂಬಾತ ಮಂತ್ರಿಗಳ ನೇಮಕದಲ್ಲೂ ಕೈಯಾಡಿಸುತ್ತಾನೆಂದು ಊರೆಲ್ಲ ಗುಸುಗುಸು. ಯುದ್ಧದ ನಡುವೆಯೇ ನಾಲ್ವರು ಪ್ರಧಾನ ಮಂತ್ರಿಗಳು ಬಂದರು. 1916ರ ನವೆಂಬರಿನಲ್ಲಿ ಝಾರ್‌ನ ಬಂಧುವೇ ಆದ, ಸ್ವತಃ ಇತಿಹಾಸಕಾರನಾಗಿದ್ದ ನಿಕೊಲಾಯ್ ಮಿಖಾಯ್ಲೊವಿಚ್ ಪತ್ರ ಬರೆದು ಎಚ್ಚರಿಸಿದ. 1917ರ ಜನವರಿಯಲ್ಲಿ ಬ್ರಿಟಿಷ್ ರಾಯಭಾರಿಯೂ ಎಚ್ಚರಿಸಿದ. ಯಾವುದೂ ನಾಟಲಿಲ್ಲ.

ಹಾಗಾಗಿ ಕೊನೆಯ ಗಳಿಗೆಯಲ್ಲಿ ಆನಿಕೆ ಕೊಡುವವರೇ ಇರಲಿಲ್ಲ. ಸೇನೆಯ ಮುಖ್ಯಸ್ಥ ಅಲೆಕ್ಸೆಯೆವ್ ಬೇರೆ ಬೇರೆ ರಣರಂಗಗಳ ದಂಡನಾಯಕರಿಗೆ ತಂತಿ ಕಳಿಸಿ ಅಭಿಪ್ರಾಯ ಕೇಳಿದಾಗ, ಪಟ್ಟ ಬಿಡುವುದೇ ಒಳಿತು ಎಂದು ಅವರೆಲ್ಲ ಉತ್ತರಿಸಿದರು. ಅವರಲ್ಲಿ ಝಾರ್‌ನ ಸ್ವಂತ ಬಂಧುವೊಬ್ಬನೂ ಇದ್ದ. ಈ ದಂಡನಾಯಕರು ಕ್ರಾಂತಿಕಾರಿಗಳೇನೂ ಅಲ್ಲ, ರಾಜನ ಅನ್ನ ಉಂಡವರು. ಅವರಿಗೂ ದೊರೆ ಬೇಡವಾಗಿದ್ದ.

ಬ್ರಿಟನ್ನಿನ ಒರ್ಲ್ಯಾಂಡೊ ಫಿಗೆಸ್ ಎಂಬ ಇತಿಹಾಸಕಾರರು ಕ್ರಾಂತಿಯ ಕಥೆಯನ್ನು 1917ರಿಂದಲ್ಲ, 1891ರ ಬರಗಾಲದಿಂದ ಶುರುಮಾಡುತ್ತಾರೆ. ಆಗ ಹಸಿದವರಿಗೆ ಗಂಜಿ ಕೊಡಲು ಊರ ಸಮಿತಿಗಳು, ವೈದ್ಯರು, ಟಾಲ್‌ಸ್ಟಾಯ್‌ರಂಥ ಸಾಹಿತಿಗಳು ಮುಂದೆ ಬಂದರು. ದೇಶಕ್ಕೆ ಕೈಜೋಡಿಸುತ್ತೇವೆ ಎಂದ ಈ ಜನರನ್ನು ಅರಮನೆ ಅನುಮಾನದಿಂದಲೇ ನೋಡಿತು. 1895ರಲ್ಲಿ, ಪಟ್ಟಕ್ಕೆ ಬಂದ ಹೊಸತರಲ್ಲಿ, ಆಡಳಿತದಲ್ಲಿ ನಮ್ಮ ಮಾತಿಗೂ ಜಾಗ ಕೊಡಿ ಎಂದವರಿಗೆ ನಿಕೋಲಸ್ ಅದು ಅರ್ಥವಿಲ್ಲದ ಕನಸು ಎಂದಿದ್ದ.

ಒಂದು ಮಾತು. ಕಾರಣ ಹೇಳುವುದು ಬೇರೆ, ನಡೆದದ್ದೆಲ್ಲ ಸರಿ ಎನ್ನುವುದು ಬೇರೆ. 1918ರ ಜುಲೈನಲ್ಲಿ ನಿಕೋಲಸ್‌ನನ್ನೂ ಆತನ ಹೆಂಡತಿಯನ್ನೂ ಐವರು ಮಕ್ಕಳನ್ನೂ ಗುಂಡಿಟ್ಟು ಕೊಂದರು. ಕೊನೆಯ ಮಗ ಅಲೆಕ್ಸಿಗೆ ಆಗ ಹದಿಮೂರು ವರ್ಷ, ನಿಮ್ಮಲ್ಲಿ ಕೆಲವರ ವಯಸ್ಸು. ಆ ಮಕ್ಕಳು ಯಾರಿಗೂ ಏನೂ ಮಾಡಿರಲಿಲ್ಲ. ನಿಕೋಲಸ್ ಮಕ್ಕಳನ್ನು ತುಂಬಾ ಪ್ರೀತಿಸುತ್ತಿದ್ದ ತಂದೆ. ಆದರೆ ಒಳ್ಳೆಯ ತಂದೆಯಾದವನು ಒಳ್ಳೆಯ ದೊರೆಯೂ ಆಗುತ್ತಾನೆಂದಿಲ್ಲ. ಇತಿಹಾಸಕಾರರು ಈ ಎರಡನ್ನೂ ಮುಚ್ಚಿಡದೆ ಹೇಳಬೇಕಾಗುತ್ತದೆ.

"ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಲಿ?" ಹುಡುಗಿ ಮತ್ತೆ ಮೊದಲಿಗೇ ಬಂದಳು.

"ಎಂಟು ಪಾಯಿಂಟನ್ನೂ ಬರಿ. ಆದರೆ ದಿನಸಿ ಚೀಟಿಯಂತೆ ಒಂದರ ಕೆಳಗೊಂದು ಬರೆದು ಬಿಡಬೇಡ. ಯಾವುದು ಪಾಯ, ಯಾವುದು ಮಳೆ, ತಳ್ಳಿದವರು ಯಾರು, ಬಿರುಕು ಕಂಡೂ ಸುಮ್ಮನಿದ್ದವರು ಯಾರು ಅಂತ ಬೇರೆ ಮಾಡು. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಅಂತ ಎರಡು ಸಾಲು ಸೇರಿಸು. ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ನಿನಗೆ ಅನ್ನಿಸುತ್ತೋ ಅದನ್ನು ಕೊನೆಯಲ್ಲಿ ಹೇಳಿ, ಯಾಕೆ ಅಂತಲೂ ಹೇಳು."

"ನಿಮಗೆ ಯಾವುದು ಅನ್ನಿಸುತ್ತೆ?"

ನಾನು ಅಜ್ಜಿಯ ಕಡೆಯವನು ಎಂದೆ. ಪಾಯ ಎಲ್ಲ ದೇಶಗಳಲ್ಲೂ ಅಷ್ಟಿಷ್ಟು ಕೆಟ್ಟಿರುತ್ತದೆ, ಮಳೆ ಎಲ್ಲರ ಮೇಲೂ ಸುರಿಯುತ್ತದೆ. ಪಾಯದ ದೋಷವೇ ಎಲ್ಲ ಎಂದುಬಿಟ್ಟರೆ ಯಾರೂ ಹೊಣೆಗಾರರಲ್ಲ ಎಂದಂತಾಗುತ್ತದೆ. ಹೇಳಿದವರ ಮಾತು ಕೇಳಿ, ಹೊತ್ತಿಗೆ ಸರಿಯಾಗಿ ರಿಪೇರಿ ಮಾಡಿಕೊಳ್ಳಲು ಬೇಕಾದ ದಾರಿಗಳನ್ನು ಆ ದೊರೆತನ ತಾನೇ ಒಂದೊಂದಾಗಿ ಮುಚ್ಚಿಕೊಂಡಿತು. ಅವಳು ಒಪ್ಪಲಿಲ್ಲ. "ಯುದ್ಧ ಇಲ್ಲದಿದ್ದರೆ ಬೀಳುತ್ತಲೇ ಇರಲಿಲ್ಲ ತಾತ, ನಾನು ಮಳೆ ಅಂತಲೇ ಬರೀತೀನಿ" ಎಂದಳು. ಬರೆಯಲಿ. ಕಾರಣ ಕೊಟ್ಟು ಬರೆದರೆ ಅದೂ ಸರಿಯೇ.

ಅಂದಹಾಗೆ, ಆ ಗೋಡೆ ಮತ್ತೆ ಎದ್ದಿದೆ. ಕಟ್ಟುವಾಗ ಅಜ್ಜಿ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದರು. ಹೊಸ ಗೋಡೆಯ ಬುಡದಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಕಿಂಡಿಗಳಿವೆ. "ಇವು ಯಾಕಪ್ಪ?" ಎಂದು ಕೇಳಿದೆ. ಮೇಸ್ತ್ರಿ ಕರಣೆ ತೊಳೆಯುತ್ತಾ ಹೇಳಿದರು: "ಮಣ್ಣು ನೀರು ಕುಡಿದರೆ ಗೋಡೇನ ದಬ್ಬುತ್ತೆ ಸ್ವಾಮಿ. ಹಳೇ ಗೋಡೇಲಿ ಕಿಂಡಿ ಇತ್ತು, ಚೆಂದ ಕಾಣಲ್ಲ ಅಂತ ಯಾರೋ ಮುಚ್ಚಿಸಿದ್ದರು."